ಟವೆಲ್ ಹಾಕಿಟ್ಟ ಪದ

ಗಲ್ಫಿನಲ್ಲಿ, ಅಲ್ ಖೋರ್‌ನಿಂದ ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿಗೆ ಹೊರಡುವ ಕಂಪನಿ ಬಸ್ಸಿನಲ್ಲಿ ಶಿವಪುತ್ರ ದಿನವೂ ಪಕ್ಕದ ಕಿಟಕಿ ಸೀಟಿಗೆ ಟವೆಲ್ ಹಾಕುತ್ತಿದ್ದ. ಅಲ್ಲಿ ಕೂರುತ್ತಿದ್ದ ಮಂಗಳೂರಿನ ರಿಚರ್ಡ್ ತೀರಿಕೊಂಡು ಎರಡು ವರ್ಷವಾಗಿತ್ತು. ಬಸ್ಸಿನವರಿಗೆಲ್ಲ ಇದು ಗೊತ್ತಿತ್ತು. ನಿಂತಾದರೂ ಹೋಗುತ್ತಿದ್ದರು, ಟವೆಲ್ ಮುಟ್ಟುತ್ತಿರಲಿಲ್ಲ. ಹುಚ್ಚು ಎಂದರೆ ಹುಚ್ಚೇ. ಆದರೆ ಊರಲ್ಲಿ ಕೆಂಪು ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ಲಾಂಟಿನ ಪಂಪುಗಳನ್ನು ನಡೆಸಲೆಂದೇ ಇಬ್ಬರೂ ಸೇರಿ, ವಯಸ್ಸಿನ ಹುರುಪಿನಲ್ಲಿ, ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದರು. ಇಂಥ ಭಾಷೆಗೆ ಮೀಸಲು ಪದಗಳಿರುತ್ತವೆ. ಪ್ರೋಗ್ರಾಂ ಬರೆಯುವವರು ಅವನ್ನು ಟ್ಯಾಂಕಿಗೋ ವಾಲ್ವಿಗೋ ಹೆಸರಾಗಿ ಇಡುವಂತಿಲ್ಲ. ರಿಚರ್ಡ್ ಯಾವ ಕೆಲಸವೂ ಇಲ್ಲದ ‘ಅನ್‌ಟಿಲ್’, ಅಂದರೆ ‘ತನಕ’, ಎಂಬ ಪದವನ್ನೂ ಮೀಸಲಿಗೆ ಸೇರಿಸಿಬಿಟ್ಟ.

"ಸುಮ್ನ ಯಾಕ ಒಂದ್ ಚಲೋ ಹೆಸರು ಹಾಳ್ ಮಾಡ್ತಿ?" ಎಂದು ಶಿವಪುತ್ರ ಸಿಡುಕಿದ್ದ.

"ಟವೆಲ್ ಹಾಕಿದ್ದು ಮಾರಾಯ. ಮುಂದಿನ ಸ್ಟಾಪಲ್ಲಿ ಯಾರಾದ್ರೂ ಹತ್ತುದಿಲ್ವಾ?" ಎಂದು ರಿಚರ್ಡ್ ನಕ್ಕಿದ್ದ.

ಈಗ ಆ ಭಾಷೆಗೇ ಕುತ್ತು ಬಂದಿತ್ತು. ಒಂದು ಪಂಪು ಇನ್ನೊಂದರ ಕೆಲಸ ಮುಗಿಯುವ ತನಕ ಕಾಯುವಂತಾಗಬೇಕು, ಹಳೆಯ ಪ್ರೋಗ್ರಾಂ ಒಂದೂ ಕೆಡಬಾರದು. ಆಗದಿದ್ದರೆ ನಿಮ್ಮ ಭಾಷೆ ಖಲಾಸ್, ಹೊರಗಿನದನ್ನು ತರಿಸುತ್ತೇನೆ ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದ ಮೈಸೂರಿನ ಸ್ಪಂದನಾ ಈ ಕಾಯುವಿಕೆಗೊಂದು ಪದ ಹುಡುಕಿ ಸುಸ್ತಾಗಿದ್ದಳು. ‘ವೇಟ್’ ಎಂದು ಯಾರೋ ಟೈಮರಿಗೆ ಹೆಸರಿಟ್ಟಿದ್ದರು. ‘ಹೋಲ್ಡ್’ ಒಂದು ಟ್ಯಾಂಕು. ಅವನ್ನು ಈಗ ಮೀಸಲು ಮಾಡಿದರೆ ಆ ಹೆಸರಿರುವ ಪ್ರೋಗ್ರಾಂಗಳೆಲ್ಲ ನಿಂತುಹೋಗುತ್ತವೆ.

"ಸರ್, ‘ಅನ್‌ಟಿಲ್’ ಖಾಲಿ ಇದೆಯಲ್ಲಾ! ಯಾರೂ ಮುಟ್ಟೇ ಇಲ್ಲ."

"ಅದು ಬ್ಯಾಡ," ಎಂದ ಶಿವಪುತ್ರ. "ಅದು ರಿಚರ್ಡ್ ಇಟ್ಟಿದ್ದು."

"ಯಾರಿಗೆ ಅಂತ ಇಟ್ಟಿದ್ರು ಸರ್?"

ಸಂಜೆ ಬಸ್ಸಿನಲ್ಲಿ ಕೂತಾಗಲೂ ಶಿವಪುತ್ರನನ್ನು ಅದೇ ಪ್ರಶ್ನೆ ಕೊರೆಯುತ್ತಿತ್ತು. ಈ ಸೀಟಿನಲ್ಲೇ, ರಿಚರ್ಡನ ಹೆಂಡತಿ ಅಗಾತಾ ಕಟ್ಟಿಕೊಟ್ಟ ಗೋಳಿಬಜೆ ತಿನ್ನುತ್ತಾ, ಇಬ್ಬರೂ ಒಂದೊಂದು ಪದಕ್ಕೂ ಕಿತ್ತಾಡುತ್ತಿದ್ದರು. ಎಂಥ ದಿನಗಳವು! ಆ ಪದವನ್ನು ಕೊಟ್ಟುಬಿಟ್ಟರೆ ಗೆಳೆಯನನ್ನು ಇನ್ನೊಮ್ಮೆ ಕಳುಹಿಸಿಕೊಟ್ಟ ಹಾಗೆ. ಕೊಡದಿದ್ದರೆ ಇಬ್ಬರೂ ಸೇರಿ ಕಟ್ಟಿದ್ದೇ ಹೋಗುತ್ತದೆ. ಪಕ್ಕದ ಟವೆಲ್ಲನ್ನು ನೋಡಿದ. ರಿಚರ್ಡ್ ಇದ್ದಿದ್ದರೆ ಬೈಯುತ್ತಿದ್ದ.

ಮರುದಿನ ಬೆಳಗ್ಗೆ ಬಸ್ಸು ಕಿಕ್ಕಿರಿದಿತ್ತು. ಸ್ಪಂದನಾ ಲ್ಯಾಪ್‌ಟಾಪ್ ಚೀಲ ತಬ್ಬಿಕೊಂಡು, ಕಂಬಿ ಹಿಡಿದು ನಿಂತಿದ್ದಳು. ಶಿವಪುತ್ರ ಟವೆಲ್ ಎತ್ತಿಕೊಂಡ.

"ಬಾರವ್ವ, ಇಲ್ಲಿ ಕುಂದ್ರು."

ಇಡೀ ಬಸ್ಸು ಇತ್ತ ತಿರುಗಿತು. ಅವಳು ಹಿಂಜರಿದಳು. "ಬೇಡ ಸರ್, ಯಾರೋ ಬರ್ತಾರೇನೋ..."

"ಬರೋರು ಬಂದ್ರಲ್ಲವ್ವಾ," ಎಂದ ಶಿವಪುತ್ರ. "ಆ ‘ಅನ್‌ಟಿಲ್’ ಶಬ್ದಾನೂ ನೀನ ತಗೊ."

ಟವೆಲ್ಲಿನಲ್ಲಿ ಒಮ್ಮೆ ಮುಖ ಒರೆಸಿಕೊಂಡು, ಮಡಿಸಿ ಚೀಲಕ್ಕಿಟ್ಟ.