ಬಣ್ಣ ಬಿಡುವ ಭಾಜಿ

ನಮ್ಮತ್ತೆ ಫಕೀರವ್ವ ತಾಂಬಡಿ ಭಾಜಿಯನ್ನು ಬೇಯಿಸುತ್ತಿರಲಿಲ್ಲ, ಅದರ ಜೀವ ತೆಗೆಯುತ್ತಿದ್ದರು. ಗೋವಾದ ಝುವಾರಿನಗರದಲ್ಲಿ ಸಿಗುವ ಆ ಕೆಂಪು ಸೊಪ್ಪನ್ನು ಸಣ್ಣಗೆ ಹೆಚ್ಚಿ, ಉಪ್ಪುನೀರಿನಲ್ಲಿ ನೆನೆಹಾಕಿ, ಸೋಡಾ ಉದುರಿಸಿ ಕುದಿಸಿ, ರಕ್ತದಂತಹ ಆ ನೀರನ್ನು ಬಚ್ಚಲಿಗೆ ಚೆಲ್ಲುತ್ತಿದ್ದರು. ಮತ್ತೆ ಹೊಸ ನೀರು, ಮತ್ತೆ ಕುದಿ. ನೀರು ತಿಳಿಯಾಗುವವರೆಗೂ ಬಿಡುತ್ತಿರಲಿಲ್ಲ. ಕೊನೆಗೆ ನನ್ನ ತಾಟಿಗೆ ಬೀಳುತ್ತಿದ್ದದ್ದು ಬೂದಿ ಬಣ್ಣದ ಮುದ್ದೆ.

"ಫ್ಯಾಕ್ಟರಿ ಬಣ್ಣ ಕುಡದೈತಿ ಅದು. ನಮ್ಮೂರ ರಾಜಗಿರಿ ಸೊಪ್ಪು ಎಂದಾರ ಹಿಂಗ ಬಣ್ಣ ಬಿಟ್ಟಿತ್ತೇನು?" ಎನ್ನುತ್ತಿದ್ದರು.

ನನಗೆ ಏಳು ತಿಂಗಳು ತುಂಬಿತ್ತು. ಮೈಯಲ್ಲಿ ರಕ್ತ ಕಡಿಮೆ ಇದೆ, ಅದು ಏರದಿದ್ದರೆ ಹೆರಿಗೆಯಲ್ಲಿ ತುಸು ರಕ್ತ ಹೋದರೂ ಜೀವಕ್ಕೆ ಅಪಾಯ ಎಂದು ದವಾಖಾನೆಯ ಸಿಸ್ಟರ್ ಹೇಳಿದ್ದಳು. ಆ ಮಾತು ನನ್ನನ್ನು ಬಿಟ್ಟಿರಲೇ ಇಲ್ಲ. ಕೊಟ್ಟ ಗುಳಿಗೆ ನುಂಗಿದರೆ ವಾಂತಿ. ಕೊಡ ಎತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲದಾಗ ಕನ್ನಡಿ ಹಿಡಿದು ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡುತ್ತಿದ್ದೆ. ಒಳಗೆ ಸುಣ್ಣದಷ್ಟು ಬಿಳುಪು. ನಾನು ಸತ್ತೇ ಹೋಗುತ್ತೇನೆ ಅನಿಸುತ್ತಿತ್ತು.

ಬಾಯಿ ಮಾಡುವುದರಲ್ಲಿ ನಾನೇನು ಕಡಿಮೆಯವಳಲ್ಲ. ಆದರೆ ಸೊಪ್ಪಿನ ವಿಷಯದಲ್ಲಿ ಅತ್ತೆಗೆ ಎದುರಾಡಲು ನಾಲಿಗೆ ಏಳುತ್ತಿರಲಿಲ್ಲ. ಕಾರಣ ನಂದಾ, ಅತ್ತೆಯ ಮಗಳು. ನಾನು ಈ ಮನೆಗೆ ಬರುವ ಮೊದಲೇ, ಅವಳು ಬಸುರಿಯಾಗಿದ್ದಾಗ, ಗಟಾರದ ದಂಡೆಯಲ್ಲಿ ಕಿತ್ತು ತಂದ ಸೊಪ್ಪಿನ ಪಲ್ಲೆ ಉಂಡು ವಾಂತಿಭೇದಿ ಹತ್ತಿ ತೀರಿಕೊಂಡಿದ್ದಳು. ಪಲ್ಲೆ ಮಾಡಿ ಬಡಿಸಿದವರು ಅತ್ತೆಯೇ.

ಈ ಸಲ ತಪಾಸಣೆಗೆ ಹೋದಾಗ ರಕ್ತ ಏರಿರಲಿಲ್ಲ, ಇನ್ನೂ ಇಳಿದಿತ್ತು. ಸಿಸ್ಟರ್ ಹಿಂದಿಯಲ್ಲಿ ಗದರಿದಳು. ದಿನಾ ಸೊಪ್ಪು ಉಣ್ಣುತ್ತೇನೆ ಎಂದರೆ ನಂಬಲಿಲ್ಲ. ಹೇಗೆ ಮಾಡುತ್ತೀರಿ ಎಂದು ಕೇಳಿದಳು. ಅತ್ತೆ ಪಕ್ಕದಲ್ಲೇ ಇದ್ದರು. ಹಾಳಾಗಿ ಹೋಗಲಿ ಎಂದು ಎಲ್ಲ ಹೇಳಿಬಿಟ್ಟೆ.

ಸಿಸ್ಟರ್ ಹಣೆ ಬಡಿದುಕೊಂಡಳು. ಆ ಕೆಂಪು ಯಾವ ಫ್ಯಾಕ್ಟರಿಯದೂ ಅಲ್ಲ, ಎಲೆಯ ಹುಟ್ಟುಬಣ್ಣ ಎಂದಳು. ಹೆಚ್ಚಿದ ಮೇಲೆ ನೆನೆಹಾಕಿದರೆ, ಕುದಿಸಿ ನೀರು ಚೆಲ್ಲಿದರೆ, ಸೊಪ್ಪಿನ ಸತ್ವದಲ್ಲಿ ಬಹುಪಾಲು ಬಚ್ಚಲಿಗೇ ಹೋಗುತ್ತದೆ. ಉಳಿದದ್ದನ್ನೂ ಸೋಡಾ ಕೆಡಿಸುತ್ತದೆ. ಇಡೀ ಎಲೆಯನ್ನು ಚೆನ್ನಾಗಿ ತೊಳೆದು, ಆಮೇಲೆ ಹೆಚ್ಚಿ, ತುಸುವೇ ನೀರು ಹಾಕಿ, ಮುಚ್ಚಿ ಬೇಯಿಸಿ, ನಿಂಬೆಹಣ್ಣು ಹಿಂಡಿ ಉಣ್ಣಬೇಕು. ಬರೀ ಸೊಪ್ಪಿನಿಂದ ರಕ್ತ ಏರುವುದಿಲ್ಲ, ಗುಳಿಗೆ ಬಿಡಬಾರದು ಎಂದು ಬೇರೆ ಗುಳಿಗೆ ಕೊಡಿಸಿದಳು.

ಬಸ್ಸಿನಲ್ಲಿ ಅತ್ತೆ ನನ್ನ ಮುಂಗೈಯನ್ನು ನೋಯುವಷ್ಟು ಗಟ್ಟಿ ಹಿಡಿದಿದ್ದರು.

ಮನೆಗೆ ಬಂದವರೇ ಒಂದೊಂದೇ ಎಲೆಯನ್ನು ಹಿಂದೆ ಮುಂದೆ ತಿರುಗಿಸಿ ತೊಳೆದರು. ಸೋಡಾ ಡಬ್ಬಿಯತ್ತ ಎರಡು ಸಲ ಕೈ ಹೋಗಿ ವಾಪಸು ಬಂತು. ಮುಚ್ಚಳ ತೆಗೆದಾಗ ಪಾತ್ರೆಯ ತುಂಬ ಕೆಂಪು ರಸ. ನಾನು ತಾಟು ಚಾಚಿದೆ. ಅತ್ತೆ ಅದನ್ನು ಸರಿಸಿ, ತಮಗೇ ಬಡಿಸಿಕೊಂಡು, ರೊಟ್ಟಿ ಮುರಿದು ಉಣ್ಣತೊಡಗಿದರು.

"ನೀ ತಡಿ. ಸಂಜೀತನಕ ನನಗೇನೂ ಆಗ್ಲಿಲ್ಲಂದ್ರ ಉಣ್ಣುವಂತಿ."

ಅವರ ತುಟಿ, ಹಲ್ಲು, ಬೆರಳು ಎಲ್ಲ ಕೆಂಪಾದವು. ನೋಡುತ್ತ ನನಗೂ ಹೆದರಿಕೆ ಹತ್ತಿತು. ಸಿಸ್ಟರ್ ಹೇಳಿದ್ದೇ ತಪ್ಪಾಗಿದ್ದರೆ? ಹೊಟ್ಟೆಯೊಳಗೆ ಕೂಸು ಒದೆಯಿತು. ಹೆದರಿಕೆಯಾದಾಗ ನನಗೆ ಸಿಟ್ಟೇ ಬರುವುದು.

"ನಿಮಗೇನಾರ ಆದ್ರ ನನ್ನ ಬಾಣಂತನ ಯಾರ ಮಾಡ್ಬೇಕ್ರಿ ಅತ್ತಿ? ನಿಮ್ಮ ಮಗಾ ಮಾಡ್ತಾನೇನು?"

ಅತ್ತೆ ನಗಲಿಲ್ಲ. "ನಂದಾಗ ಮೊದಲ ಬಡಿಸಿದ್ನಿ, ಯವ್ವಾ. ಬಸುರಿ ಹೆಂಗಸು ಹೊಟ್ಟಿ ತುಂಬ ಉಣ್ಲಿ, ನಾ ಆಮ್ಯಾಲ ಉಂಡ್ರಾತು ಅಂತ ಬಿಟ್ನಿ. ಅಕಿ ಒಂದ ಚೂರೂ ಉಳಸ್ಲಿಲ್ಲ," ಎಂದರು.

ನಾನು ಅವರ ತಾಟನ್ನೇ ಎಳೆದುಕೊಂಡು, ರೊಟ್ಟಿಯನ್ನು ಕೆಂಪು ರಸದಲ್ಲಿ ಅದ್ದಿ ಬಾಯಿಗಿಟ್ಟೆ. ಅತ್ತೆ ಗಬಕ್ಕನೆ ಕೈ ಹಿಡಿದರು. ಆಮೇಲೆ ಬಿಟ್ಟರು.

ಸಂಜೆಯವರೆಗೆ ಇಬ್ಬರೂ ಗೋಡೆಗೆ ಒರಗಿ ಕೂತೆವು. ನಾನು ಸುಮ್ಮನೆ ತೇಗಿದರೂ ಅತ್ತೆ ನನ್ನ ಮುಖ ನೋಡುತ್ತಿದ್ದರು. ಅವರು ಸೆರಗಿನಿಂದ ಬೆವರು ಒರೆಸಿಕೊಂಡರೆ ನಾನು ಅವರ ಮುಖ ನೋಡುತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಎದ್ದರು. ತಳದಲ್ಲಿ ರಸ ಉಳಿದಿದ್ದ ಪಾತ್ರೆಯನ್ನು ರೂಢಿಯಂತೆ ಬಚ್ಚಲಿಗೆ ಒಯ್ದರು. ಅಲ್ಲಿ ಬಗ್ಗಿ ಬಹಳ ಹೊತ್ತು ನಿಂತರು. ಆಮೇಲೆ ತಿರುಗಿ ಬಂದು, ಅದನ್ನು ನನ್ನ ತಾಟಿಗೆ ಸುರಿದು, ನಿಂಬೆಹಣ್ಣು ಹುಡುಕತೊಡಗಿದರು.