ಎರ್ರಮ್ಮ ಉಗುಳಿದ ಬೆಣ್ಣೆಹಣ್ಣು

ಬಳ್ಳಾರಿಗೆ ಉಗಿಬಂಡಿ ಬಂದು ಇಪ್ಪತ್ತು ವರ್ಷವಾಗಿದ್ದ ಕಾಲ. ಕುರುಗೋಡಿನ ಎರ್ರಮ್ಮನಿಗೆ ಹಲ್ಲು ಹೋಗಿ ರೊಟ್ಟಿ ದೂರವಾಗಿತ್ತು. ಗಂಜಿ ಕುಡಿದು ಕುಡಿದು ಅದೂ ಬೇಸರ. ಮುದುಕಿ ಸೊರಗುವುದನ್ನು ನೋಡಿ ಸೊಸೆ ಸುವರ್ಣಮ್ಮನಿಗೆ ಒಂದೇ ಚಿಂತೆ. ತಾಯಿಯಿಲ್ಲದೆ ಬೆಳೆದವಳು, ಅವಳಿಗೆ ಅತ್ತೆಯೇ ತಾಯಿ.

ಆಗ ಪಕ್ಕದ ಮನೆಯ ಗಂಗಾಬಾಯಿ ಎರಡು ಕಾಯಿ ತಂದುಕೊಟ್ಟಳು. ಅವಳ ತಮ್ಮ ಪ್ರಹ್ಲಾದ ಬೆಂಗಳೂರಿನ ತೋಟವೊಂದರಲ್ಲಿ ಕೆಲಸಕ್ಕಿದ್ದ, ಅಲ್ಲಿಂದ ತಂದದ್ದು.

"ಬೆಣ್ಣಿಹಣ್ಣು ಅಂತಾರವಾ, ನಿಮ್ಮ ಅತ್ತೀಗೆ ಕೊಡು" ಎಂದಷ್ಟೇ ಹೇಳಿ, ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಓಡಿದಳು. ಹೇಳುವುದನ್ನು ಪೂರ್ತಿ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಬಿಡಿ.

ನೇರಳೆ ಬಣ್ಣ, ಗಟ್ಟಿ ಮೈ. ಬದನೆಕಾಯಿಯ ಬಳಗವೇ ಇರಬೇಕೆಂದು ಸುವರ್ಣಮ್ಮ ಒಂದನ್ನು ಕೊಯ್ದು, ಗುರೆಳ್ಳು ಪುಡಿ, ಹುಣಸೆರಸ ಹಾಕಿ ಘಮಘಮ ಎಣ್ಣೆಗಾಯಿ ಮಾಡಿದಳು.

ಎರ್ರಮ್ಮ ಒಂದು ತುತ್ತು ಇಟ್ಟವಳೇ ಥೂ ಎಂದು ಉಗುಳಿದಳು. "ಹಾಗಲಕಾಯಿ ಸೈತ ಇಷ್ಟು ಕಹಿ ಇಲ್ಲಲೇ! ಇನ್ನ ಇದನ್ನ ನನ್ನ ಬಾಯಿ ಹತ್ರ ತರಬ್ಯಾಡ."

ಅಂದಿನಿಂದ ಗಂಜಿಯೂ ಅರ್ಧಕ್ಕೇ ನಿಂತಿತು. ಅತ್ತೆ ಉಣ್ಣದೆ ಸುವರ್ಣಮ್ಮನಿಗೂ ಊಟ ಸೇರದು.

ಸಂಗತಿ ಕೇಳಿ ಗಂಗಾಬಾಯಿ ಹಣೆ ಚಚ್ಚಿಕೊಂಡಳು. "ತಪ್ಪು ನಂದವಾ! ಇದನ್ನ ಒಲಿ ಮ್ಯಾಲ ಇಟ್ರ ಕಹಿ ಆಗ್ತೈತಿ. ಇನ್ನೊಂದನ್ನ ಜೋಳದ ಚೀಲದಾಗ ಹುಗಿದಿಡು. ಒತ್ತಿದ್ರ ಮೆತ್ತಗ ಆಗಿರಬೇಕು, ಆವಾಗ ಕೊಯ್ಯಿ."

ಕೆಲವು ದಿನಕ್ಕೆ ಕಾಯಿ ಹಣ್ಣಾಯಿತು. ಒಳಗಿನ ತಿರುಳು ಥೇಟ್ ಬೆಣ್ಣೆ. ಸುವರ್ಣಮ್ಮ ಅರ್ಧಕ್ಕೆ ಬೆಲ್ಲ, ಆರಿದ ಹಾಲು ಹಾಕಿ ಕಿವುಚಿದಳು. ಉಳಿದರ್ಧಕ್ಕೆ ಉಪ್ಪು, ನಿಂಬೆರಸ, ಹಸಿಮೆಣಸಿನಕಾಯಿ ಬೆರೆಸಿ ಗಂಡನ ರೊಟ್ಟಿಗೆ ಎತ್ತಿಟ್ಟಳು.

"ನನಗ ಅದರ ವಾಸನಿನೂ ಬ್ಯಾಡ" ಎಂದು ಅತ್ತೆ ಮುಖ ತಿರುಗಿಸಿದಳು.

"ಬಾಯಿಗೆ ಬ್ಯಾಡಾದ್ರ ಬಿಡ್ರಿ ಅತ್ತಿ, ಹಿಮ್ಮಡಿಗಾರ ಹಚ್ಚತೀನಿ."

ಸಿಪ್ಪೆಗೆ ಅಂಟಿದ ತಿರುಳನ್ನು ಕೆರೆದು, ಬಿರುಕುಬಿಟ್ಟ ಹಿಮ್ಮಡಿಗೆ ಮೆಲ್ಲಗೆ ತಿಕ್ಕಿದಳು. ಒಣಗಿದ ಚರ್ಮ ಮೆತ್ತಗಾದಂತೆ ಎರ್ರಮ್ಮನ ಹುಬ್ಬಿನ ಗಂಟೂ ಸಡಿಲವಾಯಿತು.

ಬಾಗಿಲಲ್ಲಿ ನಿಂತಿದ್ದ ಗಂಗಾಬಾಯಿ ಹೇಳಿದಳು. "ಮುಖಕ್ಕ, ಒರಟು ಕೂದಲಿಗೂ ಹಿಂಗ ಹಚ್ಚಿ ತೊಳಕೋಬಹುದು. ಆದ್ರ ಎರ್ರಮ್ಮಾರ, ಕಾಲಿಗೆ ಸುಖ ಆತು, ಬಾಯಿ ಏನು ತಪ್ಪು ಮಾಡೈತ್ರಿ? ನೀವು ಉಣ್ಣಲಿಲ್ಲಂತ ಈ ಹುಡುಗಿ ಮುಂಜಾನಿಂದ ಉಂಡಿಲ್ಲ."

ಮುದುಕಿ ಸೊಸೆಯ ಕಡೆ ತಿರುಗಿದಳು. "ಹುಚ್ಚಿ! ನನ್ನ ಸಲುವಾಗಿ ಹಸಿದು ಕುಂತೀಯೇನ? ತಾ ಆ ಬಟ್ಟಲ."

ಬೆರಳಲ್ಲಿ ಒಂದಿಷ್ಟು ತೆಗೆದು ನೆಕ್ಕಿದಳು. ಮತ್ತೆ ಬಟ್ಟಲಿಗೆ ಕೈ ಹಾಕಿದಳು. ಎರಡನೆಯ ಸಲ ತೆಗೆದದ್ದನ್ನು ಸೊಸೆಯ ಬಾಯಿಗಿಟ್ಟಳು. ಹೀಗೆ ನಿನಗೊಂದು ನನಗೊಂದು ಎಂದು ಬಟ್ಟಲು ಬರಿದಾಯಿತು.

"ಹಲ್ಲಿಲ್ಲದೋರಿಗಂತನ ಶಿವ ಮಾಡ್ಯಾನ ನೋಡು ಇದನ್ನ. ಬೀಜ ಒಗಿಬ್ಯಾಡ ಸುವರ್ಣಿ, ಹಿತ್ತಲದಾಗ ಹಾಕು."

ಅಕ್ಕಂದಿರೇ, ತಾಯಂದಿರೇ, ಬೆಣ್ಣೆಹಣ್ಣು ಕೈಗೆ ಸಿಕ್ಕರೆ ಅವಸರ ಬೇಡ, ಒಲೆಯೂ ಬೇಡ. ಮೆತ್ತಗಾಗಲು ಬಿಡಿ. ಸಿಹಿಯಾಗಿಯೋ ಖಾರವಾಗಿಯೋ ತಿನ್ನಿ, ಸಿಪ್ಪೆಗೆ ಅಂಟಿದ್ದನ್ನು ಒಣ ಚರ್ಮಕ್ಕೆ ಹಚ್ಚಿ. ಮೊದಲ ತುತ್ತು ಮಾತ್ರ ಮನೆಯ ಹಿರಿಯರಿಗೆ ಕೊಡಿ. ಬೇಡವೆಂದರೆ ಬಟ್ಟಲು ಇಟ್ಟು ಎದ್ದುಹೋಗಬೇಡಿ, ಪಕ್ಕದಲ್ಲಿ ಕೂತು ಇನ್ನೊಮ್ಮೆ ಕೇಳಿ.