ಐಮನ್‌ಗೆ ನೆಗಡಿಯಾಗದ ಹಾಗೆ

ನನ್ನ ತಂಗಿ ಸಾಬೀರಾಳ ಮಗಳು ಐಮನ್‌ಗೆ ಏಳು ವರ್ಷ, ಹೃದಯದಲ್ಲಿ ತೂತು. ಮಕ್ಕಳ ಹೃದಯಕ್ಕೆಂದೇ ಇರುವ ಧರ್ಮಾಸ್ಪತ್ರೆಯವರು ಆಪರೇಷನ್‌ಗೆ ಮೂರು ಸಲ ದಿನ ಕೊಟ್ಟರು, ಮೂರು ಸಲವೂ ಮಗುವಿಗೆ ನೆಗಡಿ ಎಂದು ವಾಪಸು ಕಳಿಸಿದರು. ನೆಗಡಿ ಬಂದದ್ದು ನಮ್ಮ ಬಡವನಹಳ್ಳಿಯ ಪ್ರೀತಿಯಿಂದ. ಇಲ್ಲಿ ಯಾರೇ ಆಸ್ಪತ್ರೆಗೆ ಹೊರಟರೂ ಊರೆಲ್ಲ ಬಂದು ಕಳಿಸಿಕೊಡಬೇಕು. ಕೆಮ್ಮುವವರೂ ಸೀನುವವರೂ ಬಂದು ಕೆನ್ನೆ ಹಿಂಡಿ, ಮುತ್ತಿಟ್ಟು, ಬಾಳೆಹಣ್ಣು ಕೊಟ್ಟು ಹೋಗುತ್ತಾರೆ. ಬರಬೇಡಿ ಅಂದರೆ ಅವರಿಗೇ ಸಿಟ್ಟು.

ಈ ಸಲವೂ ತಪ್ಪಿದರೆ ಸರದಿ ಮುಂದಿನ ವರ್ಷಕ್ಕೆ, ಹೃದಯ ಅಲ್ಲಿಯವರೆಗೆ ಕಾಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಸಾಬೀರಾ ಹದಿನೈದು ದಿನ ಮಗುವನ್ನು ಹೊಸಿಲು ದಾಟಿಸಲಿಲ್ಲ. ಹೊರಡುವ ಬೆಳಿಗ್ಗೆ ನಮ್ಮ ಅಬ್ಬಾ ನಿಯಾಜ್ ಅಹಮದ್ ಒಂದು ಉದ್ದನೆಯ ದಿಂಬಿಗೆ ಐಮನ್‌ಳ ಫ್ರಾಕು ತೊಡಿಸಿ, ಶಾಲು ಸುತ್ತಿ, ಮಗು ಮಲಗಿದೆ ಎಂದು ಹೆಗಲಿಗೆ ಹಾಕಿಕೊಂಡು ಮಧುಗಿರಿ ಬಸ್ಸಿಗೆ ಹೋದರು.

ಊರೇ ಬಂತು. ಮಂಜಮ್ಮ ದಿಂಬಿನ ಬೆನ್ನು ಸವರಿ ಕಣ್ಣೊರೆಸಿಕೊಂಡಳು. ಮಗು ಬಹಳ ಇಳಿದುಹೋಗಿದೆ ಎಂದು ಭೀಮರಾಜು ಮರುಗಿದ. ನಾಗಲಿಂಗಯ್ಯ ಮೇಷ್ಟ್ರು ದಿಂಬಿಗೆ ಧೈರ್ಯ ಹೇಳಿದರು. ಹೆಂಗಸರಿಗೆ ಬಸ್ಸು ಉಚಿತವಲ್ಲವೇ, ಕಂಡಕ್ಟರ್ ಅದಕ್ಕೂ ಒಂದು ಸೊನ್ನೆ ಟಿಕೆಟ್ ಹರಿದ.

ಅಷ್ಟರಲ್ಲಿ ನಾನು ತಾಯಿ ಮಗಳನ್ನು ಹಿತ್ತಿಲಿನಿಂದ ನನ್ನ ಟೊಮೆಟೊ ಟೆಂಪೊ ಹತ್ತಿಸಿಕೊಂಡು ಕೊರಟಗೆರೆ ಮುಟ್ಟಿದ್ದೆ. ಸಾಬೀರಾ ಮಾತ್ರ ಎಷ್ಟು ಕರೆದರೂ ಮುಂದೆ ಬರದೆ, ಹಿಂದೆ ಖಾಲಿ ಕ್ರೇಟುಗಳ ನಡುವೆ ಕೂತಿದ್ದಳು. ಇವಳ ಹಟವೇ ಹೀಗೆ ಎಂದು ಬೈದುಕೊಂಡೆ. ಗಾಡಿ ನಿಲ್ಲಿಸಿದಾಗ ಅಬ್ಬಾ ಫೋನಿನಲ್ಲಿ ದಿಂಬಿನ ಕಥೆ ಹೇಳಿದರು. ಐಮನ್ ನಕ್ಕಳು, ನಕ್ಕದ್ದಕ್ಕೇ ಅವಳ ತುಟಿ ನೀಲಿಯಾಯಿತು. ನಾನು ಫೋನ್ ಇಟ್ಟೆ.

ಆಸ್ಪತ್ರೆಯಲ್ಲಿ ನರ್ಸ್ ಲೋಹಿತಾ ಮಗುವಿನ ಮೂಗು, ಗಂಟಲು ನೋಡಿ ಎಲ್ಲ ಸರಿಯಿದೆ, ಜೊತೆಗೆ ಒಬ್ಬರು ಬನ್ನಿ ಅಂದರು. ನನಗೆ ಕುಣಿಯುವಷ್ಟು ಖುಷಿ. ಸಾಬೀರಾ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ದೂರದಲ್ಲೇ ನಿಂತಿದ್ದಳು.

"ನಂಗೆ ರಾತ್ರಿಯಿಂದ ನೆಗಡಿ ಐತೆ ಸಿಸ್ಟರ್. ನನ್ನ ಒಳಿಕ್ಕೆ ಬುಡಬ್ಯಾಡಿ."

ಯಾರೂ ಅವಳನ್ನು ಕೇಳಿರಲಿಲ್ಲ. ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಬೈದುಕೊಂಡದ್ದಕ್ಕೆ ನನಗೆ ನಾಚಿಕೆಯಾಯಿತು. ಅಮ್ಮಿ ಬೇಕೆಂದು ಐಮನ್ ಅಳುತ್ತಾ ಎರಡೂ ಕೈ ಚಾಚಿದಳು. ಸಾಬೀರಾ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬೇಗ ಕರ್ಕೊಂಡೋಗು ಭಾಯ್," ಅಂದಳು. "ಇನ್ನೊಂದು ಗಳಿಗೆ ಆದ್ರೆ ಮುಟ್ಬುಡ್ತೀನಿ."